ತವರಿನ ಬಾಯಿ

ನನ್ನ ತಂಗಿಯ ಹೆಸರು ಮಡಿವಾಳವ್ವ. ಹುಟ್ಟಿದಾಗ ಇಟ್ಟ ಹೆಸರು ಮಡಿವಾಳಪ್ಪ. ಹೆತ್ತವರು ಮಗ ಎಂದರು. ಊರು ಗಂಡಸು ಎಂದಿತು. ನಾನೂ ಇಪ್ಪತ್ತು ವರ್ಷ ತಮ್ಮ ಎಂದೇ ಕರೆದೆ. ಈಗ ತಂಗಿ ಎಂದು ಬರೆಯುತ್ತಿದ್ದೇನೆ. ಬರೆಯುವುದು ಸುಲಭ. ಕಾಗದ ಎದುರು ಮಾತಾಡುವುದಿಲ್ಲ.

ಏಳು ವರ್ಷವಾಯಿತು. ಅವಳು ಎಲ್ಲಿದ್ದಾಳೆ ಗೊತ್ತಿಲ್ಲ. ಇದ್ದಾಳೋ ಇಲ್ಲವೋ, ಅದೂ ಗೊತ್ತಿಲ್ಲ. ಶಿವನಿಗೆ ಗೊತ್ತಿರಬೇಕು. ದಿನಾ ಬೆಳಗ್ಗೆ ಪೂಜೆಗೆ ಕೂತು ಕೇಳುತ್ತೇನೆ. ಅವನೂ ಹೇಳುತ್ತಿಲ್ಲ.

ನಮ್ಮ ತವರು ಮುಗದ. ಭತ್ತದ ಊರು. ಅಲ್ಲಿ ಗಂಡಸರು ಬಿತ್ತಲು ಕೂರಿಗೆ ಹೊಡೆಯುತ್ತಾರೆ, ಹೆಂಗಸರು ಸಾಲು ಹಿಡಿದು ಕಳೆ ಕೀಳುತ್ತಾರೆ. ಮಡಿವಾಳ ನಾಲ್ಕು ವರ್ಷದ ಕೂಸಾಗಿದ್ದಾಗಿನಿಂದಲೇ ಹೆಂಗಸರ ಸಾಲಿನಲ್ಲಿ. ಸಣ್ಣದಿದ್ದಾಗ ಎಲ್ಲರೂ ನಕ್ಕರು. ಹತ್ತು ವರ್ಷವಾದ ಮೇಲೆ ಅಪ್ಪ ಕಿವಿ ಹಿಂಡಿ ಎಬ್ಬಿಸಿ ಕೂರಿಗೆಯ ಹಿಂದೆ ನಿಲ್ಲಿಸಿದ. ಅಪ್ಪ ಹೋದ. ಆಮೇಲೆ ಅವ್ವನೂ ಹೋದಳು. ಅವ್ವ ಹೋದ ವರ್ಷದ ಆಷಾಢದಲ್ಲಿ ಮಡಿವಾಳ ಅವ್ವನ ಹಳೆಯ ಸೀರೆ ಉಟ್ಟು, ಕಚ್ಚೆ ಬಿಗಿದು, ಕಳೆಯ ಸಾಲಿಗೆ ಹೋಗಿ ಕುಕ್ಕರಗಾಲಲ್ಲಿ ಕೂತಳು. ಸಾಲಿನ ಹೆಂಗಸರಲ್ಲಿ ಒಬ್ಬಳು "ಸ್ವಲ್ಪ ಸರಕೋರಬೇ" ಎಂದು ಪಕ್ಕದವಳನ್ನು ಸರಿಸಿ ಜಾಗ ಮಾಡಿದಳಂತೆ. ಒಂದು ಜಾವ ಕಳೆ ಕಿತ್ತಳು. ಅವಳ ಪಾಲಿಗೆ ಬಂದದ್ದು ಆ ಒಂದು ಜಾವ.

ನಮ್ಮ ಅಣ್ಣ ಸಿದ್ದಪ್ಪ ಗದ್ದೆಗೆ ಬಂದ. ಕೂದಲು ಹಿಡಿದು ಮನೆಯ ತನಕ ಎಳೆದ. ಸೀರೆ ಬಿಚ್ಚಿ ಒಲೆಗೆ ಹಾಕಿದ. ಮೈಮೇಲೆ ಅರಿವೆ ಇಲ್ಲದ ಹಾಗೆ ಬಂಡಿಯ ಗಾಲಿಗೆ ಕಟ್ಟಿದ. ಎತ್ತಿಗೆ ಹೊಡೆಯುವ ಬಾರುಕೋಲು ತಂದ. ಬೀದಿಯ ಮಂದಿ ನಿಂತು ನೋಡಿದರು. ಮಳೆ ಬಂದಾಗ ಚದುರಿದರು.

ನನ್ನ ಗಂಡನ ಮನೆ ಬೈರಿದೇವರಕೊಪ್ಪ. ಸುದ್ದಿ ಮುಟ್ಟಿ ಮೂರನೆಯ ದಿನ ರೈಲು ಹತ್ತಿ ಹೋದೆ. ಗಾಲಿಯಿಂದ ಬಿಚ್ಚಿದ್ದರು. ಮಣಿಕಟ್ಟಿನಲ್ಲಿ ಹಗ್ಗ ಕೊರೆದ ಗಾಯ. ಅದರಲ್ಲಿ ನೊಣ.

"ಒಯ್ಯಿ," ಎಂದ ಸಿದ್ದಪ್ಪ. "ಹುಬ್ಬಳ್ಳ್ಯಾಗ ಹತ್ತಿ ಚೀಲಾ ಹೊರಾಕ ಹಚ್ಚು. ಚೀಲಾ ಹೊತ್ರ ಬೆನ್ನರ ಗಂಡಸಾಕ್ಕೈತಿ. ಬಸವ ಜಯಂತಿಗೆ ಬರತೇನಿ ನಾ. ಅಷ್ಟರಾಗ ಸುದ್ದ ಆಗಲಿಲ್ಲಂದ್ರ ಹೆಣ್ಣು ನೋಡೇನಿ, ಮದಿವಿ ಮಾಡಿ ಒಗದ ಬಿಡತೇನಿ."

"ಯಾರ ಮನಿ ಹೆಣ್ಣೋ ಅದು? ಅದರ ಪಾಡೇನು?"

"ಹೇಣ್ತಿ ಬಂದ್ರ ಎಲ್ಲಾ ಹುಚ್ಚು ಇಳೀತೈತಿ."

ಕರೆದುಕೊಂಡು ಬಂದೆ. ನನ್ನ ಗಂಡ ಉಳವಪ್ಪ ಬೇಡ ಅನ್ನಲಿಲ್ಲ. ಒಳ್ಳೆಯವನು. ಯಾರಿಗೂ ಬೇಡ ಅನ್ನುವುದಿಲ್ಲ, ಯಾರಿಗೂ ಹೌದು ಅನ್ನುವುದಿಲ್ಲ.

ಮಾಘದಲ್ಲಿ ಹತ್ತಿ ಬಂತು. ಹುಬ್ಬಳ್ಳಿಯಲ್ಲಿ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ಮಡಿವಾಳನಿಗೆ ಕೆಲಸ ಸಿಕ್ಕಿತು. ಅಲ್ಲಿಯೂ ಎರಡು ಸಾಲು. ಹೆಂಗಸರು ನೆರಳಿನಲ್ಲಿ ಕೂತು ಹತ್ತಿಯ ಕಸ ಆರಿಸಬೇಕು. ಗಂಡಸರು ಬಂಡಿಯಿಂದ ಚೀಲ ಇಳಿಸಿ, ಬೆನ್ನ ಮೇಲೆ ಹೊತ್ತು, ಹಲಗೆ ಹತ್ತಿ ಯಂತ್ರದ ಬಾಯಿಗೆ ಸುರಿಯಬೇಕು. ಸಂಜೆ ಬರುವಾಗ ಅವಳ ಹೆಗಲ ಚರ್ಮ ಅಂಗಿಗೆ ಅಂಟಿರುತ್ತಿತ್ತು. ಬಿಸಿನೀರಿನಲ್ಲಿ ತೋಯಿಸಿ ಬಿಡಿಸುತ್ತಿದ್ದೆ. ಮೂಗಿನಿಂದ ಅರಳೆಯ ಎಳೆ ಬರುತ್ತಿತ್ತು. ನೋವು ಎಂದು ಒಂದು ದಿನವೂ ಅನ್ನಲಿಲ್ಲ. ಚೀಲದ ಬಗ್ಗೆ ಅವಳ ದೂರು ಇರಲಿಲ್ಲ.

ದೂರು ಇದ್ದದ್ದು ಮಂದಿಯ ಬಗ್ಗೆ. "ಏ ಮಡಿವಾಳೀ, ಸೆರಗು ಜಾರೀತು ನೋಡಽ" ಎನ್ನುವುದು ದಿನದ ಮಾತು. ಒಂದು ಮಧ್ಯಾಹ್ನ ಬೆನ್ನ ಮೇಲೆ ಚೀಲ ಇದ್ದಾಗ, ಎರಡೂ ಕೈ ಚೀಲ ಹಿಡಿದಿದ್ದಾಗ, ನಾಲ್ಕು ಮಂದಿ ಬಂದು ಧೋತರ ಎಳೆದರು. ನೋಡಬೇಕಾಗಿತ್ತಂತೆ. ಏನಿದೆ ಎಂದು ನೋಡಬೇಕಾಗಿತ್ತಂತೆ. ಕೆಲಸ ಮಾಡಿಸುವ ಮುಕಾದಮ ಅಡಿಕೆ ಅಗಿಯುತ್ತ ನಿಂತಿದ್ದ. ಚೀಲ ಬೀಳಿಸಿದರೆ ಕೆಲಸ ಹೋಗುತ್ತದೆ. ಅವಳು ಚೀಲ ಬಿಡಲಿಲ್ಲ. ಹಾಗೇ ಹಲಗೆ ಹತ್ತಿದಳು. ಸುರಿದಳು. ಹಾಗೇ ಇಳಿದಳು.

ಹತ್ತಿ ಆರಿಸುವ ಸಾಲಿನಿಂದ ಮೈಮುನಾ ಎನ್ನುವವಳು ಎದ್ದು ಬಂದು ಗೋಣಿತಟ್ಟು ಸುತ್ತಿದಳು. "ನಿಮ್ಮ ಅವ್ವನ್ನೂ ಹಿಂಗ ಬಿಚ್ಚಿ ನೋಡೀರೇನೋ ಭಾಡ್ಯಾಗೋಳ್ರ್ಯಾ?" ಎಂದು ಕೂಗಿದಳು. ಮಂದಿ ನಕ್ಕಿತು. ಆದರೆ ಹಿಂದೆ ಸರಿಯಿತು.

ಆ ಸಂಜೆ ನಾನು ಜೋಳ ಬೀಸುತ್ತಿದ್ದೆ. ಮಡಿವಾಳ ಎದುರು ಬಂದು ಕೂತು ಗೂಟ ಹಿಡಿದಳು. ಇಬ್ಬರೂ ಬೀಸಿದೆವು. ಹಿಟ್ಟು ಬೀಳುವುದನ್ನು ನೋಡುತ್ತ ಹೇಳಿದಳು.

"ಅಕ್ಕಾ, ನಾ ಗಂಡಸಲ್ಲ."

"ಗೊತ್ತೈತಿ."

"ಯಾವಾಗಿಂದ?"

"ನೀ ನಾಕು ವರ್ಷದಾಕಿ ಇದ್ದಾಗಿಂದ."

ಬಾಯಿ ತಪ್ಪಿ ಬಂದ ಮಾತು. ಕಲ್ಲು ನಿಂತಿತು. ನನ್ನ ಮುಖ ನೋಡಿದಳು. ನಕ್ಕಳು. ಹಲ್ಲು ಕಾಣುವ ಹಾಗೆ, ಸಣ್ಣ ಕೂಸಿನ ಹಾಗೆ ನಕ್ಕಳು.

"ಗೊತ್ತಿದ್ರ ಹಾದಿ ಹೇಳು ಅಕ್ಕಾ. ನಾ ಹಿಂಗ ಬದುಕಾಂಗಿಲ್ಲ."

"ಹಾದಿ ನನಗ ಗೊತ್ತಿಲ್ಲವ್ವಾ. ತಿಳದವರನ್ನ ಕೇಳೂಣು."

ತಿಳಿದವರು ಎಂದರೆ ನನಗೆ ಗೊತ್ತಿದ್ದವರು ಮಠದ ಶಾಂತಯ್ಯನವರು. ಮದುವೆಯಾಗಿ ಬಂದ ಮೇಲೆ ನನಗೆ ಅಕ್ಷರ ಕಲಿಸಿದವರು ಅವರೇ. ಈ ಬರಹವೂ ಅವರ ಪುಣ್ಯ. ಸೋಮವಾರ ಸಂಜೆ ಮಠದಲ್ಲಿ ಅವರು ಹೇಳುತ್ತಿದ್ದರು: ಶರಣನೇ ಸತಿ, ಲಿಂಗವೇ ಪತಿ. ಈ ಜಗತ್ತಿನಲ್ಲಿ ಗಂಡನೆಂಬವನು ಒಬ್ಬನೇ, ಆ ಶಿವ. ಉಳಿದ ನಾವೆಲ್ಲ ಅವನ ಕೈಹಿಡಿದವರು. ದೊಡ್ಡ ದೊಡ್ಡ ಮೀಸೆಯ ಗೌಡರು, ಹತ್ತಿ ವ್ಯಾಪಾರದ ಸಾಹುಕಾರರು ಕಣ್ಣೊರೆಸಿಕೊಂಡು ತಲೆದೂಗುತ್ತಿದ್ದರು. ನಾನು ಆ ಮಾತನ್ನು ನಂಬಿದ್ದೆ. ಅವರೆಲ್ಲ ನಂಬಿದ್ದಾರೆ ಎಂದೂ ನಂಬಿದ್ದೆ.

ಮಂದಿ ಹೋದ ಮೇಲೆ ಮಡಿವಾಳನನ್ನು ಪಾದದ ಬಳಿ ಕೂರಿಸಿ ಎಲ್ಲಾ ಹೇಳಿದೆ. ಅಯ್ಯನವರು ಕಣ್ಣು ಮುಚ್ಚಿ ಹೇಳಿದರು.

"ಶರಣ ಸತಿ, ಲಿಂಗ ಪತಿ ಅನ್ನೂದು ಒಳಗಿನ ಮಾತು ಚನ್ನಬಸವ್ವ."

"ಇಕಿದೂ ಒಳಗಿನ ಮಾತ ಐತ್ರಿ ಅಯ್ಯಾರ."

"ಒಳಗಿಂದು ಒಳಗ ಇರ್ಲಿ ತಾಯಿ. ಹೊರಗ ತಂದ್ರ ಮಂದಿ ಸುಮ್ಮನ ಬಿಟ್ಟಾರೇನು? ಛಲೋ ಹೆಣ್ಣು ನೋಡಿ ಮದಿವಿ ಮಾಡ್ರಿ. ಶಿವಾ ಹಾದಿ ತೋರಸ್ತಾನ."

ವಿಭೂತಿ ಹಚ್ಚಿದರು. ತಲೆಯ ಮೇಲೆ ಕೈ ಇಟ್ಟರು. ಆ ಕೈಯಲ್ಲಿ ಕರುಣೆ ಇತ್ತು. ಸುಳ್ಳು ಹೇಳಬಾರದು, ಇತ್ತು.

ಮಠದ ಮೆಟ್ಟಿಲಿಳಿಯುವಾಗ ಮಡಿವಾಳ ಅಂದಳು, "ಅಯ್ಯಾರು ಬೈಯಲಿಲ್ಲ."

"ಇಲ್ಲ."

"ಬೈದಿದ್ರ ಛಲೋ ಇತ್ತು. ತಿರುಗಿ ಒಂದು ಮಾತರ ಅಂತಿದ್ದೆ."

ಆಮೇಲೆ ಧಾರವಾಡಕ್ಕೆ, ಒಬ್ಬ ದಾಕ್ತರನ ಹತ್ತಿರ. ವಿಲಾಯತಿಯ ಪುಸ್ತಕ ಓದಿದವನು ಎಂದು ಯಾರೋ ಹೇಳಿದ್ದರು. ಅವಳನ್ನು ಪರದೆಯ ಹಿಂದೆ ಒಯ್ದ. ಕಂಪೌಂಡರನನ್ನು ಕರೆದ. ಆಮೇಲೆ ಪಕ್ಕದ ಮನೆಯ ವಕೀಲನನ್ನೂ ಕರೆದ. ಪರದೆಯ ಕೆಳಗೆ ಮೂರು ಜೊತೆ ಬೂಟು, ನಡುವೆ ಅವಳ ಬರಿಗಾಲು. ಜಿನ್ನಿನ ಮಂದಿ ನೋಡಿದ್ದನ್ನೇ ಅವರೂ ನೋಡಿದರು. ನಗಲಿಲ್ಲ, ಅಷ್ಟೇ ಫರಕು. "ಶರೀರದಾಗ ಏನೂ ಕೊರತಿ ಇಲ್ಲ. ಪೂರಾ ಗಂಡಸು. ಕೊರತಿ ತಲ್ಯಾಗ ಅದ," ಎಂದ ದಾಕ್ತರ. ತಿರುಗಿ ಬರುವ ರೈಲಿನಲ್ಲಿ ಜಾಗ ಖಾಲಿ ಇತ್ತು. ಅವಳು ಕೂರಲಿಲ್ಲ. ಬಾಗಿಲಲ್ಲಿ ನಿಂತಳು. ಹುಬ್ಬಳ್ಳಿ ಬರುವ ತನಕ ಅವಳ ಧೋತರದ ಚುಂಗನ್ನು ಮುಷ್ಟಿಯಲ್ಲಿ ಹಿಡಿದಿದ್ದೆ.

ಕೊನೆಗೆ ಹಾದಿ ಹೇಳಿದವಳು ಮೈಮುನಾ. "ಬಾಳವ್ವನ ಕಡೆ ಹೋಗ್ರಿ. ಅಕಿ ಹಾದಿ ತುಳದಾಕಿ."

ಬಾಳವ್ವ ಜೋಗತಿ. ಗಂಡಾಗಿ ಹುಟ್ಟಿ, ಎಲ್ಲಮ್ಮನ ಮುತ್ತು ಕೊರಳಿಗೆ ಕಟ್ಟಿಸಿಕೊಂಡು ಸೀರೆ ಉಟ್ಟವಳು. ಮಂಗಳವಾರ, ಶುಕ್ರವಾರ ದೇವಿಯ ಬುಟ್ಟಿ ತಲೆಯ ಮೇಲೆ ಹೊತ್ತು ಮನೆ ಮನೆ ಬೇಡುತ್ತಾಳೆ. ಅಂಥವರಿಗೆ ನಾನು ಮೊರದಲ್ಲಿ ಜೋಳ ಹಾಕಿದ್ದೆ, ಕಟ್ಟೆಯ ಮೇಲೆ ಕೂರಿಸಿರಲಿಲ್ಲ. ಹುಬ್ಬಳ್ಳಿಯ ಹೊರಗೆ ಅವಳ ಗುಡಿಸಲು. ನಮ್ಮನ್ನು ಚಾಪೆಯ ಮೇಲೆ ಕೂರಿಸಿ ತಂಬಿಗೆಯಲ್ಲಿ ನೀರು ಕೊಟ್ಟಳು. ನನಗೆ ಉಪವಾಸ ಎಂದೆ. ಉಪವಾಸ ಇರಲಿಲ್ಲ. ಅವಳಿಗೂ ಗೊತ್ತಾಯಿತು. ತಂಬಿಗೆ ಸುಮ್ಮನೆ ಎತ್ತಿಟ್ಟಳು. ಮಡಿವಾಳ ಗಟಗಟ ಕುಡಿದಳು.

ಬಾಳವ್ವ ಅವಳನ್ನು ನೋಡಿದಳು. ಮುಖ ನೋಡಿದಳು, ಮಣಿಕಟ್ಟು ನೋಡಿದಳು. ಬೇರೆ ಏನನ್ನೂ ನೋಡಲಿಲ್ಲ.

"ಎಷ್ಟು ವರ್ಷ ಆತವ್ವ ತಿಳದು?"

"ತಿಳದಾಗಿಂದ."

"ಹೂಂ. ನಂದೂ ಹಂಗ." ಎಲೆ ಹಾಕಿಕೊಂಡಳು. "ಕೇಳು. ಇದು ಸುಖದ ಹಾದಿ ಅಲ್ಲ. ಭಿಕ್ಷಾ ಬೇಡಬೇಕು. ನಾಯಿ ಅಟ್ಟಿಸಿಕೊಂಡು ಬರತಾವ, ಮಂದಿನೂ ಅಟ್ಟಿಸಿಕೊಂಡು ಬರತಾರ. ಆದ್ರ ಯಾರರ ಕರದ್ರ ಅವ್ವಾ ಅಂತ ಕರೀತಾರ. ಅಷ್ಟ ಇಲ್ಲಿ ಸಿಗೂದು."

"ಅಷ್ಟ ಸಾಕು," ಎಂದಳು ಮಡಿವಾಳ.

"ನಿನಗ ಸಾಕು. ನನಗ ಸಾಕಾಗೂದಿಲ್ಲ." ನನ್ನ ಕಡೆ ತಿರುಗಿದಳು. "ಮುತ್ತು ಕಟ್ಟೂದು ನನ್ನ ಕೈ. ಆದ್ರ ತವರಿನ ಬಾಯಿ ಬೇಕು. ಹಡದಾಕಿ ಇಲ್ಲಾ ಒಡಹುಟ್ಟಿದಾಕಿ ಬಂದು, ಐದು ಮಂದಿ ಮುಂದ ಸೀರಿ ಉಡಿಯಾಗ ಹಾಕಿ, ಇಕಿ ನಮ್ಮ ಮನಿ ಮಗಳು ಅಂತ ಅನ್ನಬೇಕು. ಅಂದ್ರ ಕಟ್ಟತೇನಿ. ಇಲ್ಲಂದ್ರ ಇಲ್ಲ."

"ಅದ್ಯಾಕ್ರಿ ಹಂಗ?"

"ಯಾಕ? ಹಿಂದಿನ ವರ್ಷ ಒಂದು ಕೂಸು ತಾನ ಬಂತು, ಅತ್ತು ಕಾಲು ಹಿಡೀತು, ಕಟ್ಟಿದೆ. ಎಂಟು ದಿನಕ್ಕ ಅದರ ಅಪ್ಪ ಪೋಲೀಸರನ್ನ ಕರಕೊಂಡು ಬಂದ. ನಮ್ಮ ಗಂಡುಮಗನ್ನ ಕದ್ದಾರ ಅಂದ. ಹುಡಿಗ್ಯಾರಿಗೆ ಮುತ್ತು ಕಟ್ಟಬಾರದಂತ ಹೊಸಾ ಕಾಯ್ದೆ ಬಂದೈತೆಲ್ಲಾ, ಅದನ್ನೂ ನನ್ನ ಮ್ಯಾಲೆ ಹಾಕಿದ್ರು. ಅದು ಹುಡಿಗಿ ಅಂದ್ರ ಕಾಯ್ದೆ ಮುರದಿ, ಹುಡುಗ ಅಂದ್ರ ಕದ್ದಿ. ಚಾವಡಿಯಾಗ ಆರು ದಿನ ಕೂಡಿಸಿದ್ರು. ನನ್ನ ಈ ಕೂದಲಾ ಬೋಳಿಸಿ ಕಳಿಸಿದ್ರು." ಸೆರಗು ಸರಿಸಿ ತೋರಿಸಿದಳು. ಬೆರಳಷ್ಟು ಬೆಳೆದ ಬಿಳಿಗೂದಲು. "ಆ ಕೂಸನ್ನ ಒಯ್ದ್ರು. ಬಾಂವಿಗೆ ಬಿತ್ತು. ಅದಕ್ಕ ತವರಿನ ಬಾಯಿ ಬೇಕು. ಅಂದ ಮಾತಿಗೆ ಐದು ಮಂದಿ ಸಾಕ್ಷಿ ಬೇಕು."

"ನಾ ಅಂತೇನಿ," ಎಂದೆ. ತಡಮಾಡದೆ ಅಂದೆ. ಆಗ ಎದುರಿಗೆ ಅಣ್ಣನೂ ಇರಲಿಲ್ಲ, ಐದು ಮಂದಿಯೂ ಇರಲಿಲ್ಲ.

ಮುತ್ತು ಕಟ್ಟಲು ಬಸವ ಜಯಂತಿಯ ಹಿಂದಿನ ಮಂಗಳವಾರ ನಿಗದಿಯಾಯಿತು. ಇಳಕಲ್ಲಿನ ಹಸಿರು ಸೀರೆ ತಂದೆ. ಹಿಟ್ಟಿನ ಮಡಕೆಯ ಹಿಂದೆ ಮುಚ್ಚಿಟ್ಟೆ. ಆದರೆ ಸಣ್ಣ ಮನೆ. ಗಂಡನಿಗೆ ಕಂಡಿತು. ಹೊಡೆಯಲಿಲ್ಲ. ಹೊಡೆಯುವ ರೂಢಿ ನಮ್ಮ ಮನೆಯಲ್ಲಿ ಇಲ್ಲ. ಊಟ ಮುಗಿಸಿ ಕೈ ತೊಳೆದು ಹೇಳಿದ.

"ಮಗಳನ್ನ ಮೊನ್ನೆ ಒಪ್ಪಿ ಹೋಗ್ಯಾರ. ವೈಶಾಖದಾಗ ಲಗ್ನ. ಅವರ ಕಿವಿಗಿ ಬಿತ್ತಂದ್ರ, ಹುಡಿಗಿ ಸೋದರಮಾವ ಸೀರಿ ಉಟ್ಟು ಬುಟ್ಟಿ ಹೊತ್ತಾನ ಅಂತ, ತಾಯಿನ ಐದು ಮಂದಿಯಾಗ ನಿಂತು ಹೌದು ಅಂದಾಳ ಅಂತ, ಅಕಿನ್ನ ಯಾರ ಮಾಡಿಕೊಂತಾರ? ಗುಟ್ಟಾಗಿ ಏನರ ಮಾಡ್ಕೋ. ಬಾಯಿಲೆ ಅನಬ್ಯಾಡ."

"ಬಾಯಿಲೆ ಅನ್ನೂದ ಬೇಕಂತ."

"ಹಂಗಾರ ನೀ ನೋಡ್ಕೋ." ಅಷ್ಟೇ ಅಂದ. ಸಿದ್ದಪ್ಪನಿಗೆ ಕಾರ್ಡು ಬರೆದವನು ಅವನೇ.

ಆ ಮಂಗಳವಾರ ಬಿಸಿಲು ಏರುವ ಹೊತ್ತಿಗೆ ಹೋದೆ. ಬಾಳವ್ವನ ಅಂಗಳ ಸಾರಿಸಿದ್ದರು. ಐದು ಮಂದಿ ಕೂತಿದ್ದರು: ಮೈಮುನಾ, ಜಿನ್ನಿನಲ್ಲಿ ಚೀಲ ಹೊಲಿಯುವ ಮುದುಕ ಗುಲಾಬಸಾಬ, ಬಾಳವ್ವನ ಜೊತೆಯ ಇಬ್ಬರು ಜೋಗತಿಯರು, ಪಕ್ಕದ ಗುಡಿಸಲಿನ ಒಬ್ಬ ಮುದುಕಿ. ಮಡಿವಾಳನಿಗೆ ಎಣ್ಣೆ ಅರಿಸಿನ ಹಚ್ಚಿ ಎರೆದಿದ್ದರು. ಮೈಗೆ ಒಂದು ಹಸಿ ಬಿಳಿ ಅರಿವೆ. ಮಣೆಯ ಮೇಲೆ ಕೂತಿದ್ದಳು. ಅರಿಸಿನ ಹತ್ತಿದ ಮುಖ ನಮ್ಮ ಅವ್ವನ ಮುಖ. ಎದುರಿಗೆ ಪರಡಿಯಲ್ಲಿ, ದೇವಿಯ ಪುಟ್ಟ ಬಟ್ಟಲಲ್ಲಿ, ಕೆಂಪು ಬಿಳಿ ಮುತ್ತು.

ನಾನು ಸೀರೆ ಬಿಚ್ಚಿ ಮುಂದೆ ಬಂದೆ. ಅಷ್ಟರಲ್ಲಿ ಬೇಲಿಯ ಬಾಯಲ್ಲಿ ಸಿದ್ದಪ್ಪ. ಅವನ ಹಿಂದೆ ನಮ್ಮ ಬೀಗರಾಗಬೇಕಾದವರು. ಹುಡುಗನ ಅಪ್ಪ, ಅವನ ಅಣ್ಣ.

ಸಿದ್ದಪ್ಪ ಕೂಗಾಡಲಿಲ್ಲ. ಬಂಡಿಯ ಗಾಲಿಗೆ ಕಟ್ಟಿದವನು ಅವತ್ತು ಮೆತ್ತಗೆ ಮಾತಾಡಿದ. "ನಡೀಲಿ, ನಡೀಲಿ. ನಾವೂ ಕೇಳಾಕ ಬಂದೇವಿ. ನಮ್ಮವ್ವ ಎಷ್ಟು ಹೆಣ್ಣು ಹಡದಿದ್ಲು, ನಮಗೂ ತಿಳೀಲಿ."

ಬಾಳವ್ವ ಅವನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. "ಯವ್ವಾ, ಐದು ಮಂದಿ ಕೂತಾರ. ಹೇಳು. ಮಣಿ ಮ್ಯಾಲೆ ಕೂತಾಕಿ ಯಾರು?"

ಮಡಿವಾಳ ತಲೆ ಎತ್ತಿದಳು. ಉಡಿ ಒಡ್ಡಿದ್ದಳು. ಹಸಿ ಅರಿವೆಯ ಎರಡು ತುದಿ ಎರಡು ಕೈಯಲ್ಲಿ ಹಿಡಿದು ಒಡ್ಡಿದ್ದಳು.

ನಾನು ಮಗಳ ಮುಖ ನೆನೆದೆ. ಬೀಗರ ರುಮಾಲು ನೋಡಿದೆ. ಶಿವಾ ಎಂದೆ ಮನಸ್ಸಿನಲ್ಲಿ. ನನ್ನ ನಾಲಗೆ ನನ್ನದೇ. ಬೇರೆ ಯಾರೂ ಅದನ್ನು ಹಿಡಿದು ತಿರುಗಿಸಲಿಲ್ಲ.

"ನನ್ನ ತಮ್ಮರಿ," ಎಂದೆ.

ಗುಲಾಬಸಾಬ ಕೆಮ್ಮಿದ. ಬಾಳವ್ವ ಮುತ್ತಿನ ಪರಡಿ ಎತ್ತಿ ಬುಟ್ಟಿಯಲ್ಲಿ ಇಟ್ಟಳು. ಮೇಲೆ ಅರಿವೆ ಮುಚ್ಚಿದಳು. ಬೀಗರು ತಿರುಗಿ ಹೊರಟರು. ಅವರಿಗೆ ಬೇಕಾದದ್ದು ಸಿಕ್ಕಿತ್ತು.

ಮೈಮುನಾ ಎದ್ದಳು. "ನಾ ಅಂತೇನಿ. ನನ್ನ ಮಗಳು. ಕಟ್ಟ್ರಿ."

"ನಿನ್ನ ಮಾತು ಚಾವಡಿಯಾಗ ನಡ್ಯಾಂಗಿಲ್ಲ ಮಗಳಽ," ಎಂದಳು ಬಾಳವ್ವ. ಅವಳ ಕಣ್ಣಲ್ಲಿ ನೀರಿತ್ತು. "ನಿನ್ನನ್ನೂ ಒಯ್ತಾರ."

ಸಿದ್ದಪ್ಪ ಬಗಲಿನಿಂದ ಧೋತರ ತೆಗೆದು ಮಣೆಯ ಮುಂದೆ ಒಗೆದ. "ಏಳು. ಉಟ್ಕೋ. ಮೂರರ ಗಾಡಿ ಐತಿ. ಹೆಣ್ಣಿನವರು ಕಾಯಾಕತ್ತಾರ."

"ಉಡಾಂಗಿಲ್ಲ."

ಕಪಾಳಕ್ಕೆ ಹೊಡೆದ. ಅವನ ಅಂಗೈಗೆ ಅರಿಸಿನ ಹತ್ತಿತು.

"ಹೊಡಿ. ಉಡಾಂಗಿಲ್ಲ. ಬರಾಂಗಿಲ್ಲ. ಕಟ್ಟಿಕೊಂಡು ಆ ಹುಡಿಗಿನ್ನ ಕೊಲ್ಲಾಂಗಿಲ್ಲ ನಾ."

"ಹಂಗಾರ ನೀ ನಮ್ಮ ಪಾಲಿಗೆ ಸತ್ತಿ." ಸಿದ್ದಪ್ಪ ಕೈ ಚಾಚಿದ. "ಲಿಂಗಾ ಬಿಚ್ಚಿ ಕೊಡು. ಇಂಥಾ ಮೈಮ್ಯಾಲೆ ನಮ್ಮ ಮನಿ ಲಿಂಗಾ ಇರಬಾರದು. ತಾ ಇಲ್ಲೆ."

ನಮ್ಮಲ್ಲಿ ಕೂಸು ಹುಟ್ಟಿದ ಕೂಡಲೆ ಲಿಂಗ ಕಟ್ಟುತ್ತಾರೆ. ಸತ್ತಾಗ ಮೈಯ ಜೊತೆ ಮಣ್ಣಿಗೆ ಹೋಗುತ್ತದೆ. ನಡುವೆ ಯಾರೂ ಬಿಚ್ಚಿಸುವುದಿಲ್ಲ. ಬಿಚ್ಚು ಎಂದು ಒಡಹುಟ್ಟಿದವನು ಕೇಳಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿಲ್ಲ, ಆಮೇಲೂ ಕೇಳಿಲ್ಲ.

ಮಡಿವಾಳ ಎದ್ದು ನಿಂತಳು. ಕೊರಳ ಕೆಳಗಿನ ಲಿಂಗದ ಅರಿವೆಯನ್ನು ಮುಷ್ಟಿಯಲ್ಲಿ ಹಿಡಿದಳು.

"ಸೀರಿ ನೀವು ಕೊಡಲಿಲ್ಲ. ಮುತ್ತು ಇವರು ಕಟ್ಟಲಿಲ್ಲ. ಇದನ್ನ ನಾ ಕಣ್ಣು ಬಿಡೂಕಿಂತ ಮೊದಲ ಕಟ್ಟ್ಯಾರ. ಗಂಡೋ ಹೆಣ್ಣೋ ಅಂತ ಕೇಳಿ ಕಟ್ಟಿಲ್ಲ. ಇದ್ಯಾವತ್ತೂ ನನ್ನ ಬಿಚ್ಚಿ ನೋಡಿಲ್ಲ. ಇದನ್ನ ಕೊಡಾಂಗಿಲ್ಲ. ತಾಕತ್ತಿದ್ರ ಹರಕೋ."

ಸಿದ್ದಪ್ಪನ ಕೈ ಅವಳ ಎದೆಯ ತನಕ ಹೋಯಿತು. ಅಲ್ಲಿ ನಿಂತಿತು. ಮೈ ಹೊಡೆಯಲು ಹೆದರದ ಕೈ ದಾರ ಹರಿಯಲು ಹೆದರಿತು. ಕೈ ಹಿಂದಕ್ಕೆ ತೆಗೆದ. ಉಗುಳಿದ. "ನಾಳೆ ಪೋಲೀಸರನ್ನ ಕರಕೊಂಡು ಬರತೇನಿ," ಎಂದು ಬಾಳವ್ವನಿಗೆ ಹೇಳಿ ಹೋದ.

ಬಾಳವ್ವ ಬೇಲಿಯ ಕಡೆ ನೋಡುತ್ತ ನಿಂತಳು. ಆಮೇಲೆ ಮಡಿವಾಳನ ಗದ್ದ ಹಿಡಿದಳು. "ಇವತ್ತ ಹೋಗಬೇಕವ್ವ ನೀ. ಇಲ್ಲಿ ಮೂರು ಮಂದಿ ಅದೇವಿ. ಮತ್ತೊಮ್ಮೆ ಚಾವಡಿ ಕಂಡ್ರ ನಾವು ಉಳ್ಯಾಂಗಿಲ್ಲ."

"ನನ್ನ ಮನಿಗಿ ಬಾ," ಎಂದಳು ಮೈಮುನಾ.

"ನಿನಗ ಮಕ್ಕಳದಾವ ಮೈಮುನಾ. ಅಲ್ಲಿಗೂ ಬರತಾನ ಅಂವ."

ಆಗ ನಾನು ಸೀರೆ ಮುಂದೆ ಹಿಡಿದೆ. ಬಾಯಿ ಕೊಡದವಳು ಅರಿವೆ ಕೊಡಲು ಹೋದೆ. "ತಗೋಳವ್ವ," ಎಂದೆ. ಈಗ ಅಂದೆ. ಯಾರೂ ಕೇಳಬೇಕಾಗಿಲ್ಲದಾಗ ಅಂದೆ.

ಮಡಿವಾಳ ಸೀರೆಯ ಅಂಚನ್ನು ಒಂದು ಸಲ ಮುಟ್ಟಿ ನೋಡಿದಳು. ಛಲೋ ಐತಿ ಎನ್ನುವ ಹಾಗೆ ತಲೆ ಅಲ್ಲಾಡಿಸಿದಳು. ಮಡಚಿ ನನ್ನ ಕೈಗೇ ಇಟ್ಟಳು.

"ಮಾತಿಲ್ಲದ ಕೊಟ್ರ ಅರಿವಿ ಅಷ್ಟ ಅಕ್ಕಾ. ಮಗಳಿಗೆ ಉಡಸು." ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಈ ಏಳು ವರ್ಷ ಬೇರೆ ಥರ ಬದುಕುತ್ತಿದ್ದೆ. "ಹೊತ್ತಾತು. ಉಳವಪ್ಪ ಮಾವ ಕಾಯತಿರತಾನ. ಮನಿಗಿ ಹೋಗು."

ಹೋದೆ. ಬೇಲಿ ದಾಟಿ, ಜಿನ್ನಿನ ಗೋಡೆ ದಾಟಿ, ರೈಲಿನ ಗೇಟು ದಾಟಿ, ಬೈರಿದೇವರಕೊಪ್ಪದ ಹಾದಿ ಹಿಡಿದು ಹೋದೆ. ನನ್ನ ಕಾಲಿನಿಂದಲೇ ನಡೆದು ಹೋದೆ. ನನ್ನನ್ನು ಯಾರೂ ಕೂದಲು ಹಿಡಿದು ಎಳೆಯಲಿಲ್ಲ.